ಮಕ್ಕಳನ್ನು ಮನೆಯಲ್ಲಿ ಬಿಟ್ಟು ಹಾಡಿನ ನಾಟಕಕ್ಕೆ ಹೋಗುವುದು ಹೇಗೆ?

ಸಂಜೆಮಲ್ಲಿಗೆ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಜೆ.ಪಿ. ನಗರದ ರಂಗಶಂಕರದಲ್ಲಿ ‘ಸತ್ತವರ ನೆರಳು’ ನಾಟಕದ ಪ್ರದರ್ಶನವಿದೆ ಎಂದು ತಿಳಿದಾಗಿನಿಂದ ನನಗೂ ನಮ್ಮ ಯಜಮಾನರಿಗೂ ಹೋಗಲೇಬೇಕೆಂಬ ಆಸೆ ಹತ್ತಿದೆ. ಮದುವೆಯಾದ ಹೊಸದರಲ್ಲಿ ಆಫೀಸು ಮುಗಿಸಿಕೊಂಡು ನೇರವಾಗಿ ನಾಟಕಕ್ಕೆ ಹೋಗುತ್ತಿದ್ದವರು ನಾವು. ಈಗ ಮನೆಯಲ್ಲಿ ಏಳು ವರ್ಷದ ಮಗಳು, ಮೂರು ತುಂಬದ ಮಗ, ಜೊತೆಗೆ ನಮ್ಮ ಅತ್ತೆಯವರು ಇದ್ದಾರೆ. ನಾಟಕ ಸಂಜೆ ಏಳೂವರೆಗೆ ಶುರು. ಮಗನ ಊಟ ಎಂಟಕ್ಕೆ, ನಿದ್ದೆ ಒಂಬತ್ತಕ್ಕೆ, ಅದೂ ನಾನು ಪಕ್ಕದಲ್ಲಿದ್ದರೆ ಮಾತ್ರ.

ಹಾಡಿರುವ ನಾಟಕವನ್ನೇ ಏಕೆ ಆರಿಸಿಕೊಂಡೆ ಎಂದು ಯಜಮಾನರು ಕೇಳಿದರು. ದಿನವಿಡೀ ಆಫೀಸಿನ ಮಾತು, ಸಂಜೆಯಿಂದ ಮಕ್ಕಳ ಜಗಳ ಕೇಳಿದವಳಿಗೆ, ಬೈಠಕ್ ಖಾನೆಯಲ್ಲಿ ಕುಳಿತು ನಾಲ್ಕು ಜನ ವಾದಿಸುವ ನಾಟಕ ನೋಡುವ ತಾಳ್ಮೆ ಸದ್ಯಕ್ಕೆ ಉಳಿದಿಲ್ಲ. ಹಾರ್ಮೋನಿಯಂ ಶ್ರುತಿ ಹಿಡಿದು ಮೇಳದವರು ಒಟ್ಟಿಗೆ ದನಿ ಎತ್ತಿದಾಗ ಮನಸ್ಸು ತಾನಾಗಿ ಆ ಕಡೆ ಹೋಗುತ್ತದೆ ಎಂಬುದು ನನ್ನ ಅನುಭವ.

ನನ್ನ ಪ್ರಶ್ನೆಗಳು ಇವು. ಮಗಳನ್ನು ಜೊತೆಗೆ ಕರೆದುಕೊಂಡು ಹೋಗಬಹುದೇ? ಮಗನನ್ನು ಅತ್ತೆಯವರ ಬಳಿ ಬಿಟ್ಟು ಹೋಗುವುದು ಅವರಿಗೆ ಹೊರೆಯಾಗುತ್ತದೆಯೇ? ಒಂದು ದಿನ ಒಬ್ಬರು, ಇನ್ನೊಂದು ದಿನ ಇನ್ನೊಬ್ಬರು ಹೋಗಿ ಬರೋಣ ಎಂಬುದು ಯಜಮಾನರ ಸಲಹೆ. ಹಾಗೆ ಹೋಗುವುದರಲ್ಲಿ ಏನು ಸಂತೋಷ ಎಂದು ನನಗನ್ನಿಸುತ್ತದೆ. ಚಿಕ್ಕ ಮಕ್ಕಳಿದ್ದೂ ನಾಟಕ ಬಿಡದವರು ದಯವಿಟ್ಟು ತಿಳಿಸಿ.

ಹಿಮ್ಮೇಳದವನು (ಬೆಂಗಳೂರು)

ಹವ್ಯಾಸಿ ತಂಡವೊಂದರಲ್ಲಿ ಮೇಳದ ಸಾಲಿನಲ್ಲಿ ಕುಳಿತು ಹಾಡುವವನು ನಾನು. ವೇದಿಕೆಯ ಕಡೆಯಿಂದ ಕಾಣುವುದನ್ನು ಹೇಳುತ್ತೇನೆ.

ಮೊದಲಿಗೆ ಸಮಯದ ವಿಷಯ. ರಂಗಶಂಕರದಲ್ಲಿ ಏಳೂವರೆ ಎಂದರೆ ಏಳೂವರೆಯೇ. ಬಾಗಿಲು ಮುಚ್ಚಿದ ಮೇಲೆ ಎಷ್ಟೇ ದೊಡ್ಡವರು ಬಂದರೂ ತೆರೆಯುವುದಿಲ್ಲ. 2004ರಲ್ಲಿ ಆ ರಂಗಮಂದಿರ ಆರಂಭವಾದಂದಿನಿಂದ ಅದನ್ನು ಕಟ್ಟಿದ ನಟಿ ಅರುಂಧತಿ ನಾಗ್ ಅವರು ಬಿಡದೆ ಪಾಲಿಸಿಕೊಂಡು ಬಂದಿರುವ ಶಿಸ್ತು ಇದು. ಮಕ್ಕಳಿರುವವರಿಗೆ ಇದು ಕಠಿಣವೆನ್ನಿಸುತ್ತದೆ. ಹೊರಡುವ ಹೊತ್ತಿಗೆ ಮಗು ಬಟ್ಟೆಯ ಮೇಲೆ ಹಾಲು ಚೆಲ್ಲಿಕೊಂಡರೆ ಟಿಕೆಟಿನ ಹಣ ಹೋದಂತೆಯೇ. ಆದರೆ ಅಲ್ಲಿ ಆಸನಗಳು ಮುನ್ನೂರು ಚಿಲ್ಲರೆ ಮಾತ್ರ. ಪ್ರೇಕ್ಷಕರು ವೇದಿಕೆಯನ್ನು ಮೂರು ಕಡೆಯಿಂದ ಸುತ್ತುವರಿದು ಕುಳಿತಿರುತ್ತಾರೆ, ನಟರು ಬಹುಮಟ್ಟಿಗೆ ಮೈಕಿನ ಹಂಗಿಲ್ಲದೆ ಮಾತನಾಡುತ್ತಾರೆ. ಮುಂದಿನ ಸಾಲಿನಲ್ಲಿ ಒಂದು ಮೊಬೈಲಿನ ಬೆಳಕು ಹತ್ತಿದರೆ ಹಾಡುತ್ತಿರುವ ನಮಗೆ ಅದು ನೇರವಾಗಿ ಕಣ್ಣಿಗೆ ಹೊಡೆಯುತ್ತದೆ. ಮಗುವಿನ ಒಂದು ಅಳು ಸಾಕು, ಮಾತಿನಿಂದ ಹಾಡಿಗೆ ಹೊರಳುವ ಆ ಒಂದು ಕ್ಷಣದಲ್ಲಿ ಶ್ರುತಿ ಹಿಡಿಯುವುದೇ ತಪ್ಪುತ್ತದೆ.

ಇನ್ನು ಮಗಳ ವಿಷಯ. ‘ಸತ್ತವರ ನೆರಳು’ ಶ್ರೀರಂಗರ ನಾಟಕ. ಓದುವಾಗ ಅದು ವಾದ, ವ್ಯಂಗ್ಯ, ಮಠದ ರಾಜಕೀಯ. ನಿರ್ದೇಶಕ ಬಿ.ವಿ. ಕಾರಂತರು ಅದರೊಳಗೆ ದಾಸರ ಪದಗಳನ್ನು ಹೆಣೆದ ಮೇಲೆಯೇ ಅದು ಊರೂರಿನ ಜನ ಮತ್ತೆ ಮತ್ತೆ ನೋಡುವ ನಾಟಕವಾಯಿತು. ದೇವರ ಮನೆಯಲ್ಲಿ ಭಕ್ತಿಯಿಂದ ಕೇಳಿದ ಪದವೇ ಅಲ್ಲಿ ಮಠದೊಳಗಿನ ಬೂಟಾಟಿಕೆಯನ್ನು ಬಯಲಿಗೆಳೆಯುವ ಪದವಾಗಿಬಿಡುತ್ತದೆ. ಏಳು ವರ್ಷದ ಮಗು ಹಾಡನ್ನು ಸವಿಯಬಹುದು, ಕುಣಿತವನ್ನೂ ಸವಿಯಬಹುದು. ಸತ್ತ ಗುರುವಿನ ಹೆಸರಿನಲ್ಲಿ ಬದುಕಿರುವವರು ನಡೆಸುವ ಆಟ ಅದಕ್ಕೆ ದಕ್ಕುವುದಿಲ್ಲ. ಎರಡು ಹಾಡುಗಳ ನಡುವಿನ ಮಾತು ಉದ್ದವಾದಾಗ ನೀವು ವೇದಿಕೆಯನ್ನು ಬಿಟ್ಟು ಮಗಳ ಮುಖ ನೋಡುತ್ತ ಕೂರುತ್ತೀರಿ. ಆದ್ದರಿಂದ ಈ ನಾಟಕಕ್ಕೆ ನೀವಿಬ್ಬರೇ ಹೋಗುವುದು ಲೇಸು.

ಗದಗಿನ ತಂಬೂರಿ (ಗದಗ)

ತಂಗಿ, ನಿಮ್ಮ ಪ್ರಶ್ನೆ ಓದಿ ನನಗೆ ಆಶ್ಚರ್ಯವಾಯಿತು. ನಾಟಕಕ್ಕೆ ಹೋಗುವಾಗ ಮಕ್ಕಳನ್ನು ಮನೆಯಲ್ಲಿ ಬಿಡುವ ಮಾತು ನಮ್ಮ ಕಡೆ ಹಿಂದೆ ಇರಲೇ ಇಲ್ಲ. ಊರಿಗೆ ನಾಟಕ ಕಂಪನಿ ಬಂದು ತಗಡಿನ ಥೇಟರು ಕಟ್ಟಿತೆಂದರೆ ಮನೆ ಮಂದಿಯೆಲ್ಲ ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು. ಜಮಖಾನೆ ಹಾಸಿ ಕೂಸುಗಳನ್ನು ಮಲಗಿಸಿದರೆ ಅವು ಆರಂಭದ ನಾಂದಿ ಪದ ಕೇಳುತ್ತ ನಿದ್ದೆ ಹೋಗಿ, ಯುದ್ಧದ ಸೀನಿಗೆ ಎಚ್ಚರವಾಗಿ, ಕೊನೆಯ ಮಂಗಳದ ಹಾಡಿಗೆ ಮತ್ತೆ ಮಲಗುತ್ತಿದ್ದವು. ಹಾಡು ಚಲೋ ಆಯಿತೆಂದರೆ ಜನ ‘ವನ್ಸ್ ಮೋರ್’ ಕೂಗುತ್ತಿದ್ದರು. ಸಾಯುವ ಪಾತ್ರಧಾರಿಯೂ ಎದ್ದು ಕುಳಿತು ಮತ್ತೊಮ್ಮೆ ಹಾಡಿ ಆಮೇಲೆ ಸಾಯುತ್ತಿದ್ದ. ಅಂಥ ಗದ್ದಲದಲ್ಲಿ ಕೂಸಿನ ಅಳು ಯಾರಿಗೆ ತೊಂದರೆ ಕೊಟ್ಟೀತು?

ನಮ್ಮ ಸಂಗೀತ, ನಾಟಕ ಎರಡೂ ಬೆಳೆದದ್ದು ಹೀಗೆಯೇ. ರಂಗನಟ ಏಣಗಿ ಬಾಳಪ್ಪನವರು ಬಸವಣ್ಣನ ಪಾತ್ರದಲ್ಲಿ ವಚನ ಹಾಡುವಾಗ ತಾಯಂದಿರ ತೊಡೆಯ ಮೇಲೆ ಕುಳಿತು ಕೇಳಿದ ಮಕ್ಕಳು ಮುಂದೆ ಆ ವಚನಗಳನ್ನು ಶಾಲೆಯಲ್ಲಿ ಹೊಸದಾಗಿ ಕಲಿಯಬೇಕಾಗಲಿಲ್ಲ. ನಮ್ಮೂರಿನ ಪಂಚಾಕ್ಷರಿ ಗವಾಯಿಗಳು ತಮ್ಮ ಅಂಧ ಶಿಷ್ಯರ ಅನ್ನಕ್ಕಾಗಿಯೇ ನಾಟಕ ಕಂಪನಿ ಕಟ್ಟಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಅದಕ್ಕೆ ನಾಟಕಗಳನ್ನು ಬರೆದುಕೊಟ್ಟರು. ರಾಜಕುಮಾರರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯ ನಟರು, ಮಗ ಬೆಳೆದದ್ದು ಅದೇ ಕಂಪನಿಯಲ್ಲಿ. ಮೇಲೆ ಹೆಸರು ಹೇಳಿದ ಬಿ.ವಿ. ಕಾರಂತರೂ ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿಬಂದು ಸೇರಿದ್ದು ಗುಬ್ಬಿ ಕಂಪನಿಯನ್ನೇ. ಮಕ್ಕಳಿಗೆ ಬಾಗಿಲು ಹಾಕಿದ್ದರೆ ಅವರ ಸಂಗೀತ ನಮಗೆ ಎಲ್ಲಿ ಸಿಗುತ್ತಿತ್ತು? ನಗರದವರು ನಾಟಕದ ಥೇಟರನ್ನು ಪರೀಕ್ಷೆಯ ಕೋಣೆಯಂತೆ ಮಾಡಿದ್ದಾರೆ ಎಂಬುದು ನನ್ನ ತಕರಾರು.

ಸಂಜೆಮಲ್ಲಿಗೆ

ಗದಗಿನ ಹಿರಿಯರಿಗೆ ನಮಸ್ಕಾರ. ನೀವು ಹೇಳಿದ್ದನ್ನು ಓದಿ ಅಂಥ ಕಾಲದಲ್ಲಿ ಇರಬೇಕಿತ್ತು ಎನ್ನಿಸಿತು. ಆದರೂ ಒಂದು ಮಾತು ಕೇಳಬೇಕೆನ್ನಿಸುತ್ತದೆ, ತಪ್ಪು ತಿಳಿಯಬೇಡಿ. ಜಮಖಾನೆಯ ಮೇಲೆ ಮಲಗಿದ್ದ ಕೂಸು ಎದ್ದು ಅತ್ತಾಗ ಅದನ್ನು ಎತ್ತಿಕೊಂಡು ಹೊರಗೆ ಹೋಗುತ್ತಿದ್ದವರು ಯಾರು? ಆ ದಿನಗಳ ನೆನಪನ್ನು ಬರೆದವರಲ್ಲಿ ಹೆಚ್ಚಿನವರು ಒಳಗೆ ಕುಳಿತು ನೋಡಿದ ಗಂಡಸರು, ಇಲ್ಲವೇ ಅಂದು ಮಲಗಿದ್ದ ಮಕ್ಕಳು. ತಾಯಂದಿರು ಆ ನಾಟಕಗಳನ್ನು ಎಷ್ಟು ನೋಡಿದರು ಎಂಬುದನ್ನು ನಾನು ಎಲ್ಲಿಯೂ ಓದಿಲ್ಲ.

ಅಜ್ಜಿಮನೆ (ದಾವಣಗೆರೆ)

ಮಗಳೇ, ಆ ತಾಯಿ ನಾನೇ ಎಂದುಕೋ. ಮೊಮ್ಮಗ ಟೈಪು ಮಾಡಿಕೊಡುತ್ತಿದ್ದಾನೆ, ಮಾತು ನನ್ನದು.

ನಮ್ಮೂರಿಗೆ ಕಂಪನಿಗಳು ಬರುತ್ತಿದ್ದ ಕಾಲದಲ್ಲಿ ನನ್ನ ಕಂಕುಳಲ್ಲಿ ಒಂದು, ಸೆರಗು ಹಿಡಿದು ಇನ್ನೊಂದು. ಕರೆದುಕೊಂಡು ಹೋಗುತ್ತಿದ್ದರು, ಅದು ನಿಜ. ಬೇಡ ಎಂದವರು ಯಾರೂ ಇಲ್ಲ. ಆದರೆ ಮಗು ರಚ್ಚೆ ಹಿಡಿದ ಕೂಡಲೇ ಎದ್ದು ಹೊರಗೆ ಬರಬೇಕಾದವಳು ನಾನು. ಥೇಟರಿನ ತಗಡಿನ ಗೋಡೆಗೆ ಒರಗಿಕೊಂಡು, ಮಗುವನ್ನು ಹೆಗಲ ಮೇಲೆ ಹಾಕಿಕೊಂಡು, ಅತ್ತಿಂದಿತ್ತ ಇತ್ತಿಂದತ್ತ ಓಡಾಡುತ್ತ ಎಷ್ಟೋ ನಾಟಕಗಳ ಅರ್ಧವನ್ನು ಹೊರಗಿನಿಂದಲೇ ಕೇಳಿದ್ದೇನೆ. ಹಾಡು ತಗಡನ್ನು ದಾಟಿ ಬರುತ್ತಿತ್ತು, ಕಾಲು ಹಾರ್ಮೋನಿಯಂ ಸದ್ದೂ ಬರುತ್ತಿತ್ತು. ಮಾತು ಅರ್ಧಂಬರ್ಧ. ಜನ ನಕ್ಕರೆ ಏಕೆ ನಕ್ಕರೆಂದು ತಿಳಿಯುತ್ತಿರಲಿಲ್ಲ. ಅದರಿಂದಾಗಿ ಇವತ್ತಿಗೂ ನನಗೆ ಹಳೆಯ ರಂಗಗೀತೆಗಳು ಬಾಯಿಗೆ ಬರುತ್ತವೆ; ಅವನ್ನು ಯಾರು ಯಾರಿಗೆ ಯಾವ ಸಂದರ್ಭದಲ್ಲಿ ಹೇಳಿದರು ಎಂದು ಕೇಳಿದರೆ ಹೇಳಲಾರೆ. ಗದಗಿನ ಅಣ್ಣ ಹೇಳಿದ ಕಾಲವನ್ನು ನಾನೂ ಕಂಡವಳೇ, ಗೋಡೆಯ ಆಚೆ ಕಡೆಯಿಂದ.

ಹಾಗಾಗಿ ನನ್ನ ಮಾತು ಕೇಳು. ನೀವಿಬ್ಬರೂ ಹೋಗಿಬನ್ನಿ. ಅತ್ತೆಗೆ ಹೊರೆಯೇ ಎಂದು ಕೇಳಿದೆಯಲ್ಲ, ಈಗ ಮೊಮ್ಮಕ್ಕಳನ್ನು ನೋಡಿಕೊಳ್ಳುವವಳಾಗಿ ಹೇಳುತ್ತೇನೆ. ಹೊರೆಯಾಗುವುದು ಮಗುವಿನಿಂದಲ್ಲ, ಅಪ್ಪ ಅಮ್ಮಂದಿರ ಅವ್ಯವಸ್ಥೆಯಿಂದ. ಸಾರು, ಅನ್ನ, ಹಾಲು ಎಲ್ಲವನ್ನೂ ಸಿದ್ಧಮಾಡಿಟ್ಟು ಹೋಗು. ರಾತ್ರಿ ಹಾಕುವ ಬಟ್ಟೆ ಎಲ್ಲಿದೆ ಎಂದು ತೋರಿಸಿ ಹೋಗು. ಮಗುವಿಗೆ ಕಾಣದ ಹಾಗೆ ಹಿತ್ತಲ ಬಾಗಿಲಿನಿಂದ ಕದ್ದು ಹೋಗಬೇಡ. ಹಾಗೆ ಹೋದವರ ಮಕ್ಕಳು ರಾತ್ರಿಯಿಡೀ ಬಾಗಿಲು ನೋಡುತ್ತಾರೆ, ಮರುದಿನ ತಾಯಿ ಬಚ್ಚಲಿಗೆ ಹೋದರೂ ಅಳುತ್ತಾರೆ. ‘ನಾಟಕಕ್ಕೆ ಹೋಗುತ್ತೇನೆ, ನೀನು ಮಲಗಿದ ಮೇಲೆ ಬರುತ್ತೇನೆ’ ಎಂದು ಎದುರಿಗೇ ಹೇಳು. ಹತ್ತು ನಿಮಿಷ ಅಳುತ್ತಾನೆ, ಅಳಲಿ. ನಾಟಕದ ನಡುವೆ ಫೋನು ಮಾಡಿ ‘ಮಲಗಿದನೇ’ ಎಂದು ಕೇಳಬೇಡ. ಆಗ ತಾನೇ ಕಣ್ಣು ಮುಚ್ಚಿದ ಮಗು ಆ ಗಂಟೆಗೇ ಏಳುತ್ತದೆ. ಹೇಳಿದ ಹೊತ್ತಿಗೆ ವಾಪಸು ಬಾ. ಇಷ್ಟು ಮಾಡಿದರೆ ಯಾವ ಅತ್ತೆಯೂ ಬೇಡವೆನ್ನುವುದಿಲ್ಲ.

ಇನ್ನೊಂದು ಮಾತು. ಅತ್ತೆಯವರನ್ನು ನಾಟಕಕ್ಕೆ ಬರುತ್ತೀರಾ ಎಂದು ಯಾರಾದರೂ ಕೇಳಿದಿರಾ?

ಕುಂದಾಪುರದ ಅಮ್ಮ (ಕುಂದಾಪುರ)

ಅಜ್ಜಿಯವರ ಕೊನೆಯ ಪ್ರಶ್ನೆಗೆ ನನ್ನದೊಂದು ನಮಸ್ಕಾರ. ನಮ್ಮ ಕಡೆ ಈ ಚರ್ಚೆ ಯಕ್ಷಗಾನದ ಸುತ್ತ ನಡೆದು ಹೆಚ್ಚುಕಡಿಮೆ ತೀರ್ಮಾನವಾಗಿದೆ. ಭಾಗವತರ ಹಾಡು, ಚೆಂಡೆ, ಮದ್ದಳೆ ಇಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗದ ಯಕ್ಷಗಾನವನ್ನೂ ನಾನು ಹಾಡಿನ ನಾಟಕಗಳ ಸಾಲಿಗೇ ಸೇರಿಸುತ್ತೇನೆ. ಹಿಂದೆ ಆಟ ಬೆಳಗಿನ ತನಕ. ಮಕ್ಕಳು ಚಾಪೆಯ ಮೇಲೆ ಮಲಗುವುದು, ದೇವೀಮಹಾತ್ಮೆಯಲ್ಲಿ ಮಹಿಷಾಸುರ ಸಭೆಯ ನಡುವಿನಿಂದ ದೊಂದಿಯ ಬೆಳಕಿನಲ್ಲಿ ಅಬ್ಬರಿಸಿಕೊಂಡು ಬರುವಾಗ ಅವರನ್ನು ಎಬ್ಬಿಸುವುದು, ಹೆದರಿದ ಮಕ್ಕಳು ತಾಯಿಯ ಸೆರಗಿನೊಳಗೆ ಸೇರಿಕೊಳ್ಳುವುದು, ಇದೆಲ್ಲ ನಮ್ಮ ತಲೆಮಾರಿನವರು ಕಂಡದ್ದು.

ಈಗ ಹಲವು ಮೇಳಗಳು ಕಾಲಮಿತಿಗೆ ಬಂದಿವೆ. ಸಂಜೆ ಆರಂಭವಾದ ಆಟ ನಡುರಾತ್ರಿಯ ಹೊತ್ತಿಗೆ ಮುಗಿಯುತ್ತದೆ. ಪ್ರಸಂಗದ ಪದ್ಯಗಳಿಗೆ ಕತ್ತರಿ ಬೀಳುತ್ತದೆ, ನಿಧಾನಗತಿಯ ಹಾಡುಗಾರಿಕೆ ಕಡಿಮೆಯಾಗುತ್ತದೆ ಎಂದು ಹಳಬರು ಬೇಸರಪಡುತ್ತಾರೆ. ಆ ಬೇಸರಕ್ಕೆ ಕಾರಣವಿದೆ, ನಾನೂ ಒಪ್ಪುತ್ತೇನೆ. ಆದರೆ ಬೆಳಿಗ್ಗೆ ಏಳಕ್ಕೆ ಮಕ್ಕಳ ಶಾಲೆಯ ಬಸ್ಸು ಬರುವ ಮನೆಯ ಹೆಂಗಸು ಮತ್ತೆ ಆಟ ನೋಡುವಂತಾದದ್ದು ಕಾಲಮಿತಿ ಬಂದ ಮೇಲೆಯೇ. ಇಡೀ ರಾತ್ರಿಯ ಆಟವನ್ನು ಒಂದು ಗಂಟೆ ನೋಡಿ ಎದ್ದು ಬರುವುದಕ್ಕಿಂತ ಐದು ಗಂಟೆಯ ಆಟವನ್ನು ಮಂಗಳದವರೆಗೆ ನೋಡುವುದು ನನಗೆ ಇಷ್ಟ.

ಎಡಿಸನ್ ಕನ್ನಡಿಗ (ನ್ಯೂಜೆರ್ಸಿ)

ಇಲ್ಲಿನ ಪರಿಸ್ಥಿತಿಯನ್ನು ಚಿಕ್ಕದಾಗಿ ಹೇಳುತ್ತೇನೆ. ನ್ಯೂಯಾರ್ಕಿನ ದೊಡ್ಡ ನಾಟಕ ಮಂದಿರಗಳ ಬ್ರಾಡ್‌ವೇ ಇರುವುದು ನಮ್ಮಿಂದ ಒಂದು ರೈಲಿನ ದೂರದಲ್ಲಿ. ಮಕ್ಕಳನ್ನು ನೋಡಿಕೊಳ್ಳಲು ಅತ್ತೆಯೂ ಇಲ್ಲ, ಅಮ್ಮನೂ ಇಲ್ಲ. ಗಂಟೆಗಿಷ್ಟು ಎಂದು ಹಣ ಕೊಟ್ಟು ಯಾರನ್ನಾದರೂ ಕರೆಯಬೇಕು. ಅವರ ಸಂಬಳ, ರೈಲು, ಊಟ ಎಲ್ಲ ಸೇರಿದರೆ ಟೈಮ್ಸ್ ಸ್ಕ್ವೇರಿನ ಟಿಕೆಟಿಎಸ್ ಗೂಡಂಗಡಿಯಲ್ಲಿ ಅದೇ ದಿನದ ಆಟಕ್ಕೆ ಸಿಗುವ ರಿಯಾಯಿತಿ ಟಿಕೆಟಿನ ಉಳಿತಾಯವೆಲ್ಲ ಅಲ್ಲಿಗೇ ಮುಗಿಯುತ್ತದೆ. ಆದ್ದರಿಂದ ಅಜ್ಜಿಮನೆಯವರಂಥ ಹಿರಿಯರು ಮನೆಯಲ್ಲಿರುವವರು ಆ ಭಾಗ್ಯಕ್ಕೆ ಬೆಲೆ ಕೊಡಿ.

ಆದರೆ ಇಲ್ಲಿನವರು ಮಾಡಿರುವ ಎರಡು ಕೆಲಸಗಳು ನಮ್ಮಲ್ಲಿಗೂ ಬರಬೇಕು. 1996ರಿಂದ ಮಕ್ಕಳ ರಾತ್ರಿ ಎಂಬ ಏರ್ಪಾಡು ಇದೆ; ಪೂರ್ತಿ ಬೆಲೆಯ ಟಿಕೆಟು ಕೊಂಡ ದೊಡ್ಡವರ ಜೊತೆಗೆ ಹದಿನೆಂಟು ವರ್ಷದೊಳಗಿನ ಒಬ್ಬರು ಉಚಿತವಾಗಿ ನೋಡಬಹುದು. ಇನ್ನೊಂದು, ಆಟಿಸಂ ಇರುವ ಮಕ್ಕಳ ಕುಟುಂಬಗಳಿಗಾಗಿ ನಡೆಸುವ ವಿಶೇಷ ಪ್ರದರ್ಶನಗಳು. 2011ರಲ್ಲಿ ‘ದಿ ಲಯನ್ ಕಿಂಗ್’ ಸಂಗೀತ ನಾಟಕದಿಂದ ಇದು ಶುರುವಾಯಿತು. ಕಿವಿಗೆ ಬಡಿಯುವ ಸದ್ದು ತಗ್ಗಿಸುತ್ತಾರೆ, ಕಣ್ಣು ಕುಕ್ಕುವ ದೀಪಗಳನ್ನು ಕಡಿಮೆ ಮಾಡುತ್ತಾರೆ, ಮಗು ಎದ್ದು ಓಡಾಡಿದರೂ ಕೂಗಿದರೂ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. ಗದಗಿನವರು ಹೇಳಿದ ಕಂಪನಿ ಥೇಟರಿನ ಉದಾರತೆಯನ್ನೇ ಇವರು ಒಂದು ದಿನಕ್ಕೆ ಲೆಕ್ಕ ಹಾಕಿ ಮರಳಿ ತಂದಿದ್ದಾರೆ ಎನ್ನಿಸುತ್ತದೆ. ಉಳಿದ ದಿನ ನಿಶ್ಶಬ್ದ ಬಯಸುವವರಿಗೆ ನಿಶ್ಶಬ್ದವೂ ಸಿಗುತ್ತದೆ.

ಒಂಟಿಕೊಪ್ಪಲ್ ಅಪ್ಪ (ಮೈಸೂರು)

ಸಂಜೆಮಲ್ಲಿಗೆಯವರ ಮೂರನೆಯ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ. ಒಬ್ಬೊಬ್ಬರಾಗಿ ಹೋಗುವುದರಲ್ಲಿ ಏನು ಸಂತೋಷ ಎಂದು ಅವರು ಕೇಳಿದ್ದಾರೆ. ಇದಕ್ಕೆ ಉತ್ತರಿಸಲು ನನ್ನ ಬಳಿ ಒಂದು ಇಡೀ ರಾತ್ರಿ ಇದೆ.

2010ರಲ್ಲಿ ನಮ್ಮ ಮೈಸೂರಿನ ನಾಟಕ ಸಂಸ್ಥೆ ರಂಗಾಯಣದಲ್ಲಿ ‘ಮಲೆಗಳಲ್ಲಿ ಮದುಮಗಳು’ ರಂಗಕ್ಕೆ ಬಂತು. ಕುವೆಂಪು ಅವರ ಕಾದಂಬರಿಯನ್ನು ಕೆ.ವೈ. ನಾರಾಯಣಸ್ವಾಮಿಯವರು ನಾಟಕರೂಪಕ್ಕೆ ತಂದಿದ್ದರು, ಸಿ. ಬಸವಲಿಂಗಯ್ಯನವರ ನಿರ್ದೇಶನ, ಹಂಸಲೇಖ ಅವರ ಸಂಗೀತ. ರಾತ್ರಿ ಆರಂಭವಾಗಿ ಬೆಳಗಿನ ಜಾವದವರೆಗೆ ಸುಮಾರು ಒಂಬತ್ತು ಗಂಟೆಗಳ ನಾಟಕ. ಬೇರೆ ಬೇರೆ ವೇದಿಕೆಗಳಲ್ಲಿ ಆಟ ನಡೆಯುತ್ತದೆ, ಒಂದು ಮುಗಿದ ಮೇಲೆ ಪ್ರೇಕ್ಷಕರು ಎದ್ದು ಇನ್ನೊಂದರ ಮುಂದೆ ಹೋಗಿ ಕೂರಬೇಕು. ಆಗ ನಮ್ಮ ಮಗ ಎಳೆಗೂಸು. ರಾತ್ರಿಯಿಡೀ ಯಾರ ಬಳಿಯೂ ಬಿಡಲು ಆಗುತ್ತಿರಲಿಲ್ಲ, ಕರೆದುಕೊಂಡು ಹೋಗುವ ಮಾತಂತೂ ಇಲ್ಲವೇ ಇಲ್ಲ. ಮೊದಲು ನಾನು ಹೋಗಿಬಂದೆ, ಮುಂದಿನ ವಾರ ನನ್ನ ಹೆಂಡತಿ ಹೋದಳು.

ನಾನು ಹೋಗಿಬಂದ ಮೇಲೆ ಕಥೆ ಹೇಳಕೂಡದೆಂದು ಅವಳು ಕಟ್ಟಪ್ಪಣೆ ಮಾಡಿದ್ದಳು. ಕಾದಂಬರಿಯನ್ನು ಇಬ್ಬರೂ ಓದಿದ್ದೆವು, ಗುತ್ತಿ ತಿಮ್ಮಿಯರ ಕಥೆ ತಿಳಿದದ್ದೇ. ಆದರೂ ಯಾವ ಘಟನೆ ಹಾಡಾಯಿತು, ಯಾವುದು ಮಾತಾಗಿಯೇ ಉಳಿಯಿತು, ಗುತ್ತಿಯ ನಾಯಿ ಹುಲಿಯನನ್ನು ವೇದಿಕೆಯ ಮೇಲೆ ಹೇಗೆ ತಂದರು ಎಂಬುದನ್ನು ಅವಳು ತಾನೇ ನೋಡಬೇಕೆಂದಿದ್ದಳು. ಆ ವಾರವೆಲ್ಲ ನಾನು ಮಗುವನ್ನು ತೂಗುವಾಗ ಹಾಡಿನ ಒಂದು ಸಾಲು ಬಾಯಿಗೆ ಬಂದರೆ ಅವಳು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅವಳು ಹೋದ ರಾತ್ರಿ ಮಗುವಿನ ಪಾಲಿಗೆ ನಾನೊಬ್ಬನೇ. ನಡುರಾತ್ರಿ ಬಾಟಲಿಯ ಹಾಲು ಬೆಚ್ಚಗೆ ಮಾಡಿಕೊಳ್ಳುತ್ತ ಗಡಿಯಾರ ನೋಡಿದಾಗ, ಈಗ ಮೇಗರವಳ್ಳಿಯ ಕಡೆಯ ಕಥೆ ನಡೆಯುತ್ತಿರಬಹುದು, ಇನ್ನು ಸ್ವಲ್ಪ ಹೊತ್ತಿಗೆ ಚಹಾಕ್ಕೆ ಬಿಡುತ್ತಾರೆ ಎಂದು ಲೆಕ್ಕ ಹಾಕುತ್ತಿದ್ದೆ. ಬೆಳಿಗ್ಗೆ ಅವಳು ಕೆಂಪು ಕಣ್ಣು ಮಾಡಿಕೊಂಡು ಮನೆಗೆ ಬಂದವಳು ಮಲಗಲಿಲ್ಲ. ಮಗುವನ್ನು ಎತ್ತಿಕೊಂಡು ಮಧ್ಯಾಹ್ನದವರೆಗೆ ನಾಟಕದ ಮಾತೇ ಆಡಿದಳು. ನನಗೆ ಅತಿಯಾಯಿತು ಎನ್ನಿಸಿದ್ದ ಒಂದು ಹಾಡು ಅವಳಿಗೆ ಇಡೀ ನಾಟಕದ ಜೀವಾಳವೆನ್ನಿಸಿತ್ತು. ಅಕ್ಕಪಕ್ಕ ಕುಳಿತು ನೋಡಿದ್ದರೆ ಅವಳು ನನ್ನ ಮುಖ ನೋಡಿ ಆ ಮಾತನ್ನು ನುಂಗಿಕೊಂಡಿರುತ್ತಿದ್ದಳೋ ಏನೋ.

ಇಬ್ಬರೂ ಒಟ್ಟಿಗೆ ಹೋಗುವ ಅವಕಾಶವಿದ್ದರೆ ಖಂಡಿತ ಹೋಗಿ. ಆದರೆ ಒಬ್ಬೊಬ್ಬರಾಗಿ ಹೋಗುವುದನ್ನು ಕೈಲಾಗದವರ ದಾರಿ ಎಂದು ತಳ್ಳಿಹಾಕಬೇಡಿ. ಅದರಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಸರದಿ ಅಪ್ಪನಿಗೂ ಪೂರ್ತಿಯಾಗಿ ಬರುತ್ತದೆ. 2013ರಲ್ಲಿ ಅದೇ ನಾಟಕ ಬೆಂಗಳೂರಿನ ಕಲಾಗ್ರಾಮಕ್ಕೆ ಬಂದಾಗ, ನಮ್ಮ ಪರಿಚಯದವರೊಬ್ಬರು ಹತ್ತು ವರ್ಷದ ಮಗಳನ್ನು ಕರೆದುಕೊಂಡು ಹೋಗಿದ್ದರು. ಒಂದೇ ಕಡೆ ಕುಳಿತಿರಬೇಕಿಲ್ಲವಾದ್ದರಿಂದ, ಶಾಲು ಹೊದ್ದು ವೇದಿಕೆಯಿಂದ ವೇದಿಕೆಗೆ ನಡೆಯುವುದೇ ಆ ಮಗುವಿಗೆ ದೊಡ್ಡ ಹಬ್ಬವಾಗಿತ್ತಂತೆ. ನಾಟಕದ ಉದ್ದಕ್ಕಿಂತ ಕುಳಿತುಕೊಳ್ಳುವ ರೀತಿಯೇ ಮಕ್ಕಳಿಗೆ ಮುಖ್ಯವೆಂದು ನನಗೆ ಆಗ ತೋರಿತು.

ಹಿಮ್ಮೇಳದವನು

ಮೈಸೂರಿನವರ ಕೊನೆಯ ಮಾತು ಬಹಳ ಸರಿಯಾಗಿದೆ. ಅದಕ್ಕೆ ಒಂದನ್ನು ಸೇರಿಸುತ್ತೇನೆ. ಮಗಳನ್ನು ನಾಟಕದಿಂದ ದೂರವಿಡಿ ಎಂದು ನಾನು ಹೇಳಿದ್ದಲ್ಲ, ಅವಳ ನಾಟಕವೇ ಬೇರೆ ಎಂದದ್ದು. ಮಕ್ಕಳ ನಾಟಕಗಳಿಗೂ ಕಾರಂತರ ಸಂಗೀತದ ದೊಡ್ಡ ಪಾಲು ಸಂದಿದೆ. ಅವರ ‘ಪಂಜರ ಶಾಲೆ’ಯಲ್ಲಿ ಗಿಳಿಗೆ ಪಾಠ ಕಲಿಸಲು ಹೊರಟ ದೊಡ್ಡವರ ಪೆದ್ದುತನವನ್ನು ಮಕ್ಕಳೇ ಹಾಡಿ ಗೇಲಿ ಮಾಡುತ್ತಾರೆ. ಪ್ರೇಮಾ ಕಾರಂತರು ಬೆನಕ ಮಕ್ಕಳ ಕೇಂದ್ರವನ್ನು ಕಟ್ಟಿ ನಗರದ ಎಷ್ಟೋ ಮಕ್ಕಳನ್ನು ವೇದಿಕೆ ಹತ್ತಿಸಿದರು. ರಂಗಾಯಣದಲ್ಲಿ ಬೇಸಿಗೆಯ ಚಿಣ್ಣರ ಮೇಳ ನಡೆಯುತ್ತದೆ, ರಂಗಶಂಕರದಲ್ಲಿಯೂ ಮಕ್ಕಳಿಗಾಗಿಯೇ ನಾಟಕಗಳನ್ನು ಆಡಿಸುತ್ತಾರೆ. ಅಲ್ಲಿ ಮಗಳು ಮನಸಾರೆ ನಗಲಿ, ಜೋರಾಗಿ ಪ್ರಶ್ನೆ ಕೇಳಲಿ. ಅಂಥ ಕೆಲವು ನಾಟಕಗಳನ್ನು ನೋಡಿದ ಮಗು ದೀಪ ಆರಿದಾಗ ತಾನಾಗಿ ಸುಮ್ಮನಾಗುವುದನ್ನು ಕಲಿಯುತ್ತದೆ. ನಾಲ್ಕೈದು ವರ್ಷಗಳಲ್ಲಿ ‘ಸತ್ತವರ ನೆರಳಿ’ಗೆ ನಿಮ್ಮ ಜೊತೆ ಬಂದು ಕೂರುತ್ತದೆ.

ವ್ಯವಹಾರದ ಮಾತು: ಸಂಜೆಯ ಟ್ರಾಫಿಕ್ಕನ್ನು ನಂಬಬೇಡಿ. ಮೆಟ್ರೊ ಹಿಡಿದು ಜೆ.ಪಿ. ನಗರದಲ್ಲಿ ಇಳಿದು ಆಟೊ ಮಾಡಿಕೊಳ್ಳಿ. ಏಳಕ್ಕೆ ಮೊದಲೇ ಅಲ್ಲಿದ್ದರೆ ಕ್ಯಾಂಟೀನಿನಲ್ಲಿ ಸಾಬುದಾನಿ ವಡೆ ತಿಂದು ಒಳಗೆ ಹೋಗಬಹುದು. ನಾಟಕ ಮುಗಿದ ಮೇಲೆ ಊಟ ಹುಡುಕುತ್ತ ಹೋದರೆ ಅತ್ತೆಯವರಿಗೆ ಹೇಳಿದ ಸಮಯ ತಪ್ಪುತ್ತದೆ.

ಗದಗಿನ ತಂಬೂರಿ

ದಾವಣಗೆರೆಯ ಅಕ್ಕನವರು ಬರೆದದ್ದನ್ನು ಓದಿ ನಮ್ಮ ಅವ್ವನಿಗೆ ಫೋನು ಮಾಡಿದೆ. ಅವರೂ ಹೆಚ್ಚುಕಡಿಮೆ ಹಾಗೆಯೇ ಹೇಳಿದರು. ಆದರೆ ಹೊರಗೆ ನಿಂತ ಹೆಂಗಸರೆಲ್ಲ ಸೇರಿ ಮಾತನಾಡುತ್ತಿದ್ದುದು, ಒಬ್ಬರ ಕೂಸನ್ನು ಒಬ್ಬರು ಹಿಡಿದುಕೊಂಡು ಸರದಿಯ ಮೇಲೆ ಒಳಗೆ ಹೋಗಿ ಒಂದೊಂದು ಸೀನು ನೋಡಿ ಬರುತ್ತಿದ್ದುದು ಇವನ್ನೂ ಹೇಳಿದರು. ಮೈಸೂರಿನವರ ಗಂಡ ಹೆಂಡತಿ ಸರದಿಗೆ ಇದು ಹಿರಿಯಕ್ಕ. ಹಾಗಾಗಿ ಮಕ್ಕಳಿಗೆ ಥೇಟರಿನಲ್ಲಿ ಜಾಗವಿರಬೇಕೆಂಬ ನನ್ನ ಮಾತನ್ನು ನಾನು ಬಿಡುವುದಿಲ್ಲ, ಕೂಸನ್ನು ಹಿಡಿದುಕೊಳ್ಳುವ ಕೈಗಳು ಹೆಚ್ಚಾಗಬೇಕು ಎಂಬುದನ್ನು ಅದರ ಜೊತೆಗೆ ಸೇರಿಸುತ್ತೇನೆ.

ಸಂಜೆಮಲ್ಲಿಗೆ

ಹೋಗಿಬಂದೆವು. ಉತ್ತರಿಸಿದ ಎಲ್ಲರಿಗೂ ಲೆಕ್ಕ ಒಪ್ಪಿಸುವುದು ನನ್ನ ಕರ್ತವ್ಯ.

ಮಕ್ಕಳಿಬ್ಬರನ್ನೂ ಮನೆಯಲ್ಲಿ ಬಿಟ್ಟೆವು. ಅಜ್ಜಿಮನೆಯವರು ಹೇಳಿದಂತೆ ಮಗನಿಗೆ ಎದುರಿಗೇ ಹೇಳಿ ಹೊರಟೆ. ಅತ್ತ. ಗೇಟಿನವರೆಗೂ ಅವನ ದನಿ ಕೇಳುತ್ತಿತ್ತು. ನಾಟಕದ ಮೊದಲ ಭಾಗದಲ್ಲಿ ನನ್ನ ಕಿವಿ ಆ ಅಳುವಿನಲ್ಲೇ ಇತ್ತು. ವೇದಿಕೆಯ ಮೇಲೆ ಮಾತನಾಡುತ್ತಿದ್ದವರ ಹೆಸರು ಕೂಡ ತಲೆಗೆ ಹತ್ತಲಿಲ್ಲ. ಮೇಳದವರು ದಾಸರ ಪದ ಎತ್ತಿಕೊಂಡರು. ನಮ್ಮಜ್ಜಿ ಬೆಳಿಗ್ಗೆ ಹೂವು ಕಟ್ಟುತ್ತ ಹಾಡುತ್ತಿದ್ದ ಪದ ಅದು. ಅದೇ ರಾಗದಲ್ಲಿ ತುಸು ಲಯ ಬದಲಿಸಿ, ಎದುರಿಗೆ ನಿಂತ ಕಾವಿಧಾರಿಗಳ ಮೇಲೆ ಹರಿಯಬಿಟ್ಟಾಗ ಮೊದಲು ನಗು ಬಂತು, ಆಮೇಲೆ ಅಜ್ಜಿ ಇದನ್ನು ಕೇಳಿದ್ದರೆ ಏನೆನ್ನುತ್ತಿದ್ದರು ಎಂಬ ಯೋಚನೆ ಬಂತು. ಅಲ್ಲಿಂದ ಮುಂದೆ ಮನೆ ನೆನಪಾಗಲಿಲ್ಲ. ಹಾಡಿನ ನಾಟಕವನ್ನೇ ಆರಿಸಿಕೊಂಡದ್ದು ಸರಿಯಾಯಿತು ಎಂದು ಈಗಲೂ ಹೇಳುತ್ತೇನೆ, ಮಾತಿನ ನಾಟಕವಾಗಿದ್ದರೆ ತಪ್ಪಿದ ಎಳೆಯನ್ನು ನಾನು ಮತ್ತೆ ಹಿಡಿಯುತ್ತಿರಲಿಲ್ಲ. ಹಿಮ್ಮೇಳದವರ ಎಣಿಕೆಯೂ ಸರಿ, ಮಗಳು ಬಂದಿದ್ದರೆ ನಡುವಿನ ವಾದದ ದೃಶ್ಯಗಳಲ್ಲಿ ಬೇಸತ್ತು ಹೋಗುತ್ತಿದ್ದಳು.

ಮಗ ಒಂಬತ್ತೂವರೆಗೆ ಮಲಗಿದನಂತೆ. ಅತ್ತೆಯವರಿಗೆ ಅವನಿಗಿಂತ ಮಗಳನ್ನು ಮಲಗಿಸುವುದೇ ಕಷ್ಟವಾಯಿತು. ತನ್ನನ್ನು ಬಿಟ್ಟು ಹೋದರೆಂದು ಅವಳಿಗೆ ಸಿಟ್ಟು. ಮಕ್ಕಳ ನಾಟಕಕ್ಕೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದೇನೆ.

ಅಜ್ಜಿಮನೆಯವರು ಕೇಳಿದ ಪ್ರಶ್ನೆಯನ್ನು ಅತ್ತೆಯವರಿಗೆ ಕೇಳಿದೆ. ‘ಕರೆದರೆ ಬರುತ್ತಿದ್ದೆ, ಯಾರು ಕರೆದರು?’ ಎಂದರು. ಅವರು ಹುಡುಗಿಯಾಗಿದ್ದಾಗ ಬಾದಾಮಿಯ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ನಾಟಕ ನೋಡಿದ್ದರಂತೆ. ಇದು ನಮಗ್ಯಾರಿಗೂ ತಿಳಿದೇ ಇರಲಿಲ್ಲ. ಮತ್ತೊಮ್ಮೆ ಅಲ್ಲಿಯೇ ನೋಡಬೇಕೆಂಬುದು ಅವರ ಆಸೆ. ಗದಗಿನ ಹಿರಿಯರು ಅಲ್ಲಿಗೆ ಮಕ್ಕಳ ಸಮೇತ ಹೋಗುವುದು ಹೇಗೆಂದು ತಿಳಿಸಬೇಕು.

ಗದಗಿನ ತಂಬೂರಿ

ಅವಶ್ಯ ಹೋಗಿ ತಂಗಿ. ಬನಶಂಕರಿಯ ತೇರು ಬನದ ಹುಣ್ಣಿಮೆಯ ದಿನ, ಸಾಮಾನ್ಯವಾಗಿ ಜನವರಿಯಲ್ಲಿ ಬರುತ್ತದೆ. ಕಂಪನಿಗಳು ತೇರಿನ ಆಚೆಗೂ ವಾರಗಟ್ಟಲೆ ಅಲ್ಲಿಯೇ ಟೆಂಟು ಹಾಕಿಕೊಂಡು ರಾತ್ರಿಯಿಡೀ ಒಂದರ ಹಿಂದೊಂದು ಆಟ ಆಡುತ್ತವೆ. ತೇರಿನ ದಿನದ ನೂಕುನುಗ್ಗಲಿನ ನಡುವೆ ಮಕ್ಕಳನ್ನು ಕರೆತರಬೇಡಿ. ನಾಲ್ಕಾರು ದಿನ ಬಿಟ್ಟು ಬನ್ನಿ.

ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಈಗಿನ ಕೆಲವು ಕಂಪನಿಗಳ ಹಾಸ್ಯ ನಾಟಕಗಳಲ್ಲಿ ಬರುವ ದ್ವಂದ್ವಾರ್ಥದ ಮಾತು ಏಳು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳುವಂಥದ್ದಲ್ಲ, ಹಾಡೂ ಸಿನಿಮಾದ ಧಾಟಿಗೆ ಹೋಗಿದೆ. ಬೋರ್ಡಿನ ಮೇಲಿನ ನಾಟಕದ ಹೆಸರು ಓದಿದರೇ ಬಹಳಷ್ಟು ತಿಳಿಯುತ್ತದೆ. ಪೌರಾಣಿಕ ಅಥವಾ ಶರಣರ ನಾಟಕ ಯಾವ ಟೆಂಟಿನಲ್ಲಿದೆ ಎಂದು ಜಾತ್ರೆಯ ಅಂಗಡಿಯವರನ್ನು ಕೇಳಿದರೆ ಅವರೇ ದಾರಿ ತೋರಿಸುತ್ತಾರೆ. ಮೊದಲನೆಯ ಆಟಕ್ಕೆ ಹೋಗಿ, ಸ್ಪೀಕರು ಕಿವಿಗೆ ಬಡಿಯದ ಹಾಗೆ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ, ಚಳಿಗೆ ರಗ್ಗು ತನ್ನಿ. ಬಾದಾಮಿಯಲ್ಲಿ ಕೋಣೆಯನ್ನು ಮುಂಚಿತವಾಗಿಯೇ ಗೊತ್ತು ಮಾಡಿಕೊಳ್ಳಬೇಕು. ದಿನ ನಿಶ್ಚಯವಾದರೆ ತಿಳಿಸಿ, ನಾನೂ ಮನೆಯವರೂ ಬರುತ್ತೇವೆ. ನಿಮ್ಮ ಮಗ ರಚ್ಚೆ ಹಿಡಿದರೆ ಅವನನ್ನು ಹೊರಗೆ ಎತ್ತಿಕೊಂಡು ಓಡಾಡಿಸುವ ಮೊದಲ ಸರದಿ ನನ್ನದು.

ಅಜ್ಜಿಮನೆ

ಎರಡನೆಯ ಸರದಿ ಮಗಳ ಗಂಡನದು. ಅತ್ತೆ ಸೊಸೆ ಇಬ್ಬರೂ ಮಂಗಳದ ತನಕ ಒಳಗೇ ಕೂರಲಿ.